ಕೂದಲು ಬಿದ್ದ ಪ್ಲೇಟು

ಗ್ವಾನಾಕೊ ಗುಡ್ಡದ ವೀಕ್ಷಣಾಲಯಕ್ಕೆ ಒರ್ಫೆಲಿನಾ ಪಾಸ್ತೆನ್ ಮೊದಲು ಸೇರಿದ್ದು ಅಡುಗೆಯವಳಾಗಿ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಅಪ್ಪ ಆಡು ಮೇಯಿಸುವವನು. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ಮೇಲಿನ ಬೆಟ್ಟಗಳಿಗೆ ಹೋಗಿಬಿಡುತ್ತಿದ್ದ. ಅವನು ಇಳಿದು ಬರುವವರೆಗೆ ತಾಯಿಯೂ ಮಗಳೂ ಎಲ್ಕಿ ಕಣಿವೆಯ ದಿಯಾಗೀತಾಸ್ ಊರಿನಲ್ಲಿ ಬ್ರೆಡ್ಡು ಸುಟ್ಟು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಆ ಮಣ್ಣಿನ ಒಲೆಯ ಮುಂದೆಯೇ ಅವಳು ಬೆಳೆದಳು. ಊರಿನವರೆಲ್ಲ ಅವಳನ್ನು ಫೆಲಾ ಎಂದೇ ಕರೆಯುತ್ತಿದ್ದರು.

ಗುಡ್ಡದ ಅಡುಗೆಮನೆಯಲ್ಲಿ ಮೂರು ವರ್ಷ ಕಳೆದವು. ಕತ್ತಲೆಕೋಣೆಯನ್ನು ನೋಡಿಕೊಳ್ಳುತ್ತಿದ್ದ ದೋನ್ ಉಬಾಲ್ದೊ ಎಂಬ ಮುದುಕ ದಿನಾ ಬೆಳಿಗ್ಗೆ ಅಲ್ಲಿಗೇ ಬಂದು ಚಹಾ ಕುಡಿಯುತ್ತಿದ್ದ. ಫೆಲಾ ಗಡಿಯಾರ ನೋಡದೆ ಒಲೆಯ ಬಾಗಿಲು ತೆಗೆಯುವುದನ್ನೂ, ಅವಳ ಬ್ರೆಡ್ಡು ಒಂದು ದಿನವೂ ಸೀಯದಿರುವುದನ್ನೂ ಅವನು ಗಮನಿಸಿದ್ದ. ನಕ್ಷತ್ರಗಳ ಚಿತ್ರ ಹಿಡಿಯುವ ಗಾಜಿನ ಪ್ಲೇಟುಗಳನ್ನು ಹೆಚ್ಚು ಚುರುಕಾಗಿಸಲು ಬಳಸುವ ಮುಂಚೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಬೇಕಾಗಿತ್ತು. ಸ್ವಲ್ಪ ಹೆಚ್ಚಾದರೆ ಪ್ಲೇಟು ಮಬ್ಬಾಗುತ್ತಿತ್ತು, ಕಡಿಮೆಯಾದರೆ ಮಂಕಾಗುತ್ತಿತ್ತು. ಕೈಕೆಳಗೆ ಇದ್ದ ಇಬ್ಬರು ಗಂಡಸರು ತಿಂಗಳಿಗೊಂದು ಡಬ್ಬಿ ಪ್ಲೇಟು ಹಾಳು ಮಾಡಿ ಅವನಿಗೆ ಸಾಕುಸಾಕು ಮಾಡಿದ್ದರು. ಒಂದು ದಿನ ಅವನು ನೇರವಾಗಿ ಮೇಲಿನವರ ಹತ್ತಿರ ಹೋಗಿ, ತನಗೆ ಓದಿದವರು ಬೇಡ, ಬ್ರೆಡ್ಡು ಸುಡುವ ಆ ಹುಡುಗಿ ಬೇಕು ಎಂದು ಕೇಳಿದ. ಅವರು ನಕ್ಕರು, ಆದರೆ ಕೊಟ್ಟರು.

ಕತ್ತಲೆಕೋಣೆಯ ಕೆಲಸ ಅವಳಿಗೆ ಬೇಗ ಒಗ್ಗಿತು. ಏನೂ ಕಾಣದ ಕತ್ತಲಲ್ಲಿ ವಜ್ರದ ಮೊನೆಯಿಂದ ಗಾಜನ್ನು ಕೊಯ್ಯುವುದು, ಪ್ಲೇಟಿನ ಅಂಚನ್ನು ಕೆಳತುಟಿಗೆ ತಾಗಿಸಿ ಯಾವ ಮಗ್ಗುಲಲ್ಲಿ ಲೇಪ ಇದೆಯೆಂದು ತಿಳಿಯುವುದು (ಲೇಪ ಇರುವ ಮಗ್ಗುಲು ತುಟಿಗೆ ಸ್ವಲ್ಪ ಅಂಟುತ್ತದೆ), ಬೆಳಗಾಗುತ್ತಲೇ ವಿಜ್ಞಾನಿಗಳು ತಂದಿಟ್ಟು ಹೋದ ಪ್ಲೇಟುಗಳನ್ನು ಒಂದೊಂದೇ ತೊಟ್ಟಿಯಲ್ಲಿ ಅದ್ದಿ ತೊಳೆಯುವುದು. ಅವರು ಮಲಗಲು ಹೋಗುವ ಹೊತ್ತಿಗೆ ಇವಳ ದಿನ ಶುರುವಾಗುತ್ತಿತ್ತು. ದೋನ್ ಉಬಾಲ್ದೊ ನಿವೃತ್ತನಾದಾಗ ಬೀಗದ ಕೈ ಅವಳ ಸೊಂಟಕ್ಕೆ ಬಂತು.

ಅಷ್ಟರಲ್ಲಿ ಮದುವೆಯೂ ಆಗಿತ್ತು. ಗಂಡ ಎಲ್ಯೂತೆರಿಯೊ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವವನು, ಮಾತಿನ ಮಲ್ಲ. ಹೆಂಡತಿ ಕತ್ತಲಲ್ಲಿ ಕೂತು ಗಾಜು ನೆಕ್ಕಿ ಸಂಬಳ ತರುತ್ತಾಳೆ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಇಷ್ಟು ನೆಮ್ಮದಿಯಾಗಿ ನಡೆದಿದ್ದ ಬದುಕಿನಲ್ಲಿ, ಎಪ್ಪತ್ತೊಂಬತ್ತನೆಯ ಇಸವಿಯ ಜುಲೈಯಲ್ಲಿ, ಅಲ್ಲಿಯ ಚಳಿಗಾಲದಲ್ಲಿ, ಕೂದಲಿನ ರಗಳೆ ಎದ್ದಿತು.

ರಾಜಧಾನಿ ಸಾಂತಿಯಾಗೊದಿಂದ ಡಾಕ್ಟರ್ ಲಿಯೋನಿದಾಸ್ ಬಾಸ್ಕುನ್ಯಾನ್ ಎಂಬ ವಿಜ್ಞಾನಿ ಬಂದಿದ್ದರು. ಎತ್ತರದ ಆಳು, ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕುವವರು, ಚಹಾದ ಕಪ್ಪನ್ನೂ ಅಳತೆ ಮಾಡಿ ಇಡುವವರು. ಸತ್ತ ನಕ್ಷತ್ರಗಳು ಅವರ ವಿಷಯ. ಸತ್ತ ನಕ್ಷತ್ರವೆಂದರೆ ಉರುವಲು ಮುಗಿದು, ಮೈಯ ಹೊರಭಾಗವನ್ನೆಲ್ಲ ಕಳಚಿಕೊಂಡು, ಉಳಿದ ತಿರುಳು ಭೂಮಿಯಷ್ಟಕ್ಕೆ ಕುಗ್ಗಿ ಮೆಲ್ಲಗೆ ತಣ್ಣಗಾಗುತ್ತಿರುವ ನಕ್ಷತ್ರ. ಬಿಳಿ ಕುಬ್ಜ ಎಂದು ಅದರ ಹೆಸರು. ಅವರು ನೋಡುತ್ತಿದ್ದದ್ದು ಕೊಕ್ಕರೆ ನಕ್ಷತ್ರಪುಂಜದಲ್ಲಿದ್ದ ಒಂದನ್ನು; ಅದಕ್ಕೆ ಹೆಸರಿಲ್ಲ, ಪಟ್ಟಿಯಲ್ಲೊಂದು ಅಂಕಿ ಮಾತ್ರ. ಮೂರು ಗಂಟೆ ಬೆಳಕು ಹಿಡಿದು ಅದರ ವರ್ಣಪಟಲದ ಪ್ಲೇಟು ತೆಗೆದಿದ್ದರು.

ಆ ಪ್ಲೇಟನ್ನು ತೊಳೆದವಳು ಫೆಲಾ. ಉಗುರಿನಗಲದ ಕಪ್ಪು ಪಟ್ಟಿ. ನಕ್ಷತ್ರ ತನ್ನ ಬೆಳಕನ್ನು ತಾನೇ ನುಂಗಿಕೊಂಡ ಕಡೆ ಮಾತ್ರ ಪಟ್ಟಿಯಲ್ಲಿ ಬಿಳಿ ಗೆರೆ. ಪಟ್ಟಿಯ ಮೇಲೂ ಕೆಳಗೂ ಅಳತೆಗೆಂದು ಹಾಕಿದ ಕಬ್ಬಿಣದ ದೀಪದ ಗೆರೆಗಳು. ಇಂಥ ನಕ್ಷತ್ರಗಳಲ್ಲಿ ಜಲಜನಕದ ಅಗಲವಾದ, ಅಂಚು ಕರಗಿದಂಥ ಗೆರೆಗಳಷ್ಟೇ ಇರುತ್ತವೆ ಎಂದು ಅವಳಿಗೆ ನೋಡಿ ನೋಡಿ ಗೊತ್ತಿತ್ತು. ಇದರಲ್ಲಿ ನೇರಳೆಯ ತುದಿಗೆ ಕೂದಲೆಳೆಯಂಥ ಇನ್ನೊಂದು ಗೆರೆಯಿತ್ತು. ಅವಳಿಗೂ ಕಂಡಿತು, ಆದರೆ ಗೆರೆಗಳ ಅರ್ಥ ಹೇಳುವುದು ತನ್ನ ಕೆಲಸವಲ್ಲವೆಂದು ಒಣಗಲು ಇಟ್ಟಳು.

ಮಧ್ಯಾಹ್ನ ಬಾಸ್ಕುನ್ಯಾನ್ ಎದ್ದು ಬಂದು, ಬೆಳಕಿನ ಮೇಜಿನ ಮೇಲೆ ಪ್ಲೇಟಿಟ್ಟು, ಕಣ್ಣಿಗೆ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿದ್ದು ಅವಳ ಜಡೆಯ ಕಡೆಗೆ. ಅವಳ ಕೂದಲು ಸೊಂಟದವರೆಗೆ ಇತ್ತು.

"ಸೆನ್ಯೋರಾ, ಪ್ಲೇಟನ್ನು ಪೆಟ್ಟಿಗೆಗೆ ತುಂಬುವಾಗ ನಿಮ್ಮ ಕೂದಲು ಇದರ ಮೇಲೆ ಬಿದ್ದಿದೆ," ಎಂದರು. "ಮೂರು ಗಂಟೆ ಹಾಳಾಯ್ತು."

ಅವರು ದನಿ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು. ಪ್ಲೇಟಿನ ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ 'ಕೂದಲು ಬಿದ್ದು ಕೆಟ್ಟಿದೆ' ಎಂದು ಬರೆದು ಅವಳ ಕೈಗೇ ಕೊಟ್ಟರು. ಸಂಜೆಯೊಳಗೆ ಸುದ್ದಿ ಮೇಲಿನವರಿಗೆ ಹೋಯಿತು. ಒಂದೋ ಕೂದಲು ಕತ್ತರಿಸು, ಇಲ್ಲವೇ ಅಡುಗೆಮನೆಗೆ ವಾಪಸು ಹೋಗು ಎಂದು ಮೇಲ್ವಿಚಾರಕ ಹೇಳಿ ಕಳಿಸಿದ.

ಆ ವಾರದ ರಜೆಯಲ್ಲಿ ಮನೆಗೆ ಬಂದ ಫೆಲಾ ಊಟಕ್ಕೂ ಕೂರದೆ ಕೊಕಿಂಬೊ ಪೇಟೆಗೆ ಬಸ್ಸು ಹತ್ತಿದಳು. ಸಮುದ್ರದಲ್ಲಿ ಈಜುವವರು ಹಾಕಿಕೊಳ್ಳುವ ರಬ್ಬರಿನ ಟೋಪಿಯೊಂದನ್ನು ಕೊಂಡು ತಂದಳು, ಹಳದಿ ಬಣ್ಣದ್ದು. ಕನ್ನಡಿಯ ಮುಂದೆ ನಿಂತು ಅಷ್ಟೂ ಜಡೆಯನ್ನು ಸುತ್ತಿ ಅದರೊಳಗೆ ತುರುಕುವಾಗ ಎಲ್ಯೂತೆರಿಯೊ ಬಾಗಿಲಲ್ಲಿ ನಿಂತು ನೋಡಿದ.

"ಮುದುಕಿ, ಗುಡ್ಡದ ಮೇಲೆ ಸಮುದ್ರ ಬಂದಿದ್ಯೇನೇ?" ಎಂದ. ಆಗವಳಿಗೆ ಇನ್ನೂ ಮೂವತ್ತು ವರ್ಷ.

ಅವಳು ನಗಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ತನ್ನ ಮಾತಿಗೆ ಅವಳು ನಗದೇ ಇದ್ದದ್ದು ಅದೊಂದೇ ಸಲ ಎಂದು ಅವನು ಈಗಲೂ ಹೇಳುತ್ತಾನೆ. ಅವನಿಗೂ ವಿಷಯ ಅರ್ಥವಾಯಿತು. ಟೋಪಿಯ ಅಂಚಿಗೆ ಸಿಕ್ಕದ ಕೂದಲನ್ನು ಅವನೇ ಹಿಂದಿನಿಂದ ಒಳಗೆ ಸೇರಿಸಿದ.

ಬಾಸ್ಕುನ್ಯಾನ್ ಅದೇ ನಕ್ಷತ್ರದ ಇನ್ನೊಂದು ಪ್ಲೇಟು ತೆಗೆಯುವವರಿದ್ದರು. ಅದನ್ನು ಫೆಲಾ ಟೋಪಿ ಹಾಕಿಕೊಂಡು ಕೊಯ್ದಳು, ಟೋಪಿ ಹಾಕಿಕೊಂಡು ಬೇಯಿಸಿದಳು, ಹಾಗೆಯೇ ಪೆಟ್ಟಿಗೆಗೆ ತುಂಬಿ ಕೊಟ್ಟಳು, ಬೆಳಿಗ್ಗೆ ಹಾಗೆಯೇ ತೊಳೆದಳು. ತೊಟ್ಟಿಯಿಂದ ಎತ್ತಿ ದೀಪಕ್ಕೆ ಹಿಡಿದಾಗ ನೇರಳೆಯ ತುದಿಗೆ ಆ ಎಳೆ ಮತ್ತೆ ಇತ್ತು. ಒಂದು ಕ್ಷಣ ಅವಳಿಗೆ ಕೆಲಸ ಹೋಯಿತೆಂದೇ ಅನ್ನಿಸಿತು. ಆಮೇಲೆ ಅವಳಿಗೆ ಹೊಳೆದದ್ದು, ಕೆಟ್ಟ ಪ್ಲೇಟು ಇನ್ನೂ ತನ್ನ ಹತ್ತಿರವೇ ಇದೆಯಲ್ಲ ಎಂದು. ಅದನ್ನು ತಂದು ಮೇಜಿನ ಮೇಲೆ ಎರಡನ್ನೂ ಅಂಚಿಗೆ ಅಂಚು ಸೇರಿಸಿ, ಕಬ್ಬಿಣದ ಗೆರೆಗಳು ಒಂದಕ್ಕೊಂದು ಹೊಂದುವವರೆಗೆ ಸರಿಸುತ್ತ ಹೋದಳು. ಕಬ್ಬಿಣದ ಗೆರೆಗಳು ಹೊಂದಿದವು. ಎಳೆಗಳೂ ಹೊಂದಿದವು.

ಅವಳು ಎರಡನ್ನೂ ಹಾಗೆಯೇ ಬಿಟ್ಟು, ಬಾಸ್ಕುನ್ಯಾನ್ ಏಳುವವರೆಗೆ ಕಾದಳು. ಬಂದವರು ಮೊದಲು ನೋಡಿದ್ದು ಹಳದಿ ಟೋಪಿಯನ್ನು. ಆಮೇಲೆ ಮೇಜು ನೋಡಿದರು, ಕೂತರು. ಒಂದು ಪ್ಲೇಟು, ಇನ್ನೊಂದು ಪ್ಲೇಟು, ಮತ್ತೆ ಮೊದಲನೆಯದು.

"ಡಾಕ್ಟರೇ, ಕೂದಲಾಗಿದ್ರೆ ಎರಡು ಸಲವೂ ಅದೇ ಜಾಗಕ್ಕೆ ಬೀಳ್ತಿತ್ತಾ?" ಎಂದು ಫೆಲಾ ಕೇಳಿದಳು. "ಅದೂ ಪಟ್ಟಿ ಮುಗಿದ ಕಡೆ ಸರಿಯಾಗಿ ನಿಂತ್ಕೋತಿತ್ತಾ? ನನ್ನ ಕೂದಲಿಗೆ ಅಷ್ಟು ಶಿಸ್ತಿಲ್ಲ."

ಬಾಸ್ಕುನ್ಯಾನ್ ಕನ್ನಡಕ ತೆಗೆದು ಒರೆಸಿದರು. "ಇಲ್ಲ," ಎಂದರು. "ಇದು ಕೂದಲಲ್ಲ."

ಅದು ಕ್ಯಾಲ್ಸಿಯಂನ ಗೆರೆ ಎಂದು ಅವರೇ ಹೇಳಿದರು. ಆದರೆ ಸತ್ತ ನಕ್ಷತ್ರದ ಮೈಮೇಲೆ ಕ್ಯಾಲ್ಸಿಯಂ ಇರಲು ಸಾಧ್ಯವಿಲ್ಲ, ನಮಗೂ ಅದಕ್ಕೂ ನಡುವೆ ಎಲ್ಲೋ ತೇಲುತ್ತಿರುವ ಅನಿಲದ ಮೋಡವೊಂದು ಬೆಳಕನ್ನು ತಡೆದಿರಬೇಕು ಎಂದು ಸೇರಿಸಿದರು. ಮೇಲ್ವಿಚಾರಕನ ಹತ್ತಿರ ತಾವೇ ಹೋಗಿ ತಪ್ಪು ಒಪ್ಪಿಕೊಂಡರು. ಮುಂದಿನ ಸಲ ಬರುವಾಗ ಲಾ ಸೆರೆನಾದಿಂದ ಒಂದು ಚೀಲ ಪಪ್ಪಾಯಿ ತಂದು ಕತ್ತಲೆಕೋಣೆಯ ಬಾಗಿಲಲ್ಲಿ ಇಟ್ಟು ಹೋದರು. ಫೆಲಾ ಅದನ್ನು ಸಕ್ಕರೆಪಾಕದಲ್ಲಿ ಕುದಿಸಿಟ್ಟು ಚಳಿಗಾಲ ಮುಗಿಯುವವರೆಗೆ ತಿಂದಳು. ಎರಡನೆಯ ಪ್ಲೇಟನ್ನು ಅವರು ಸಾಂತಿಯಾಗೊಗೆ ಒಯ್ದರು. ಮೊದಲನೆಯದರ ಲಕೋಟೆಯ ಮೇಲಿನ ಬರಹವನ್ನು ಹೊಡೆದುಹಾಕಲು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ.

ಆಮೇಲಿನ ವರ್ಷಗಳು ಸಲೀಸಾಗಿ ಸರಿದವು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಬೆಳೆದರು. ಒಬ್ಬಳು ಬಿಕುನ್ಯಾದಲ್ಲಿ ಶಾಲೆಯ ಉಪಾಧ್ಯಾಯಿನಿ, ಇನ್ನೊಬ್ಬಳು ಅಲ್ಲೇ ಔಷಧಿ ಅಂಗಡಿಯಲ್ಲಿ. ತೊಂಬತ್ತರ ದಶಕದಲ್ಲಿ ಗಾಜಿನ ಪ್ಲೇಟುಗಳ ಕಾಲ ಮುಗಿದು ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಕತ್ತಲೆಕೋಣೆಯ ಕಿಟಕಿಗೆ ಬಡಿದಿದ್ದ ಹಲಗೆಗಳನ್ನು ಕಿತ್ತರು. ಇಪ್ಪತ್ತು ವರ್ಷ ತಾನು ಕೆಲಸ ಮಾಡಿದ ಕೋಣೆಯ ಗೋಡೆ ತಿಳಿಹಸಿರು ಬಣ್ಣದ್ದು ಎಂದು ಫೆಲಾಗೆ ಅವತ್ತೇ ಸರಿಯಾಗಿ ಗೊತ್ತಾದದ್ದು. ಅವಳನ್ನು ಪ್ಲೇಟುಗಳ ಉಗ್ರಾಣಕ್ಕೆ ಹಾಕಿದರು, ಅರುವತ್ತಕ್ಕೆ ನಿವೃತ್ತಿ ಕೊಟ್ಟು ಕೈಗಡಿಯಾರ ತೊಡಿಸಿ ಕಳಿಸಿದರು.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಅವಳ ಮನೆಯ ಮುಂದೆ ಗುಡ್ಡದ ವ್ಯಾನು ಬಂದು ನಿಂತಿತು. ಇಳಿದದ್ದು ಮಿಯಾರಾಯ್ ಕಿಲೊದ್ರಾನ್ ಎಂಬ ಚಿಕ್ಕ ವಯಸ್ಸಿನ ವಿಜ್ಞಾನಿ, ಕಾನ್ಸೆಪ್ಸಿಯೋನ್ ಕಡೆಯವಳು. ಫೆಲಾ ಅಂಗಳದಲ್ಲಿ ಆಡಿನ ಹಾಲಿನ ಗಿಣ್ಣು ಹಿಂಡುತ್ತಿದ್ದಳು. ಕೈ ತೊಳೆಯುವವರೆಗೂ ತಾಳ್ಮೆಯಿಲ್ಲದೆ ಆ ಹುಡುಗಿ ನಿಂತಲ್ಲೇ ಶುರು ಮಾಡಿದಳು. ಡಾಕ್ಟರ್ ಬಾಸ್ಕುನ್ಯಾನ್ ಎಂಬವರು ಬಹಳ ಹಿಂದೆ ಬರೆದ ಒಂದು ಲೇಖನದ ಅಡಿಟಿಪ್ಪಣಿಯಲ್ಲಿ, ಕೊಕ್ಕರೆ ಪುಂಜದ ಒಂದು ನಕ್ಷತ್ರದ ಎರಡು ಪ್ಲೇಟುಗಳ ಮಾತು ಬಂದಿದೆ. ಅವರು ತೀರಿಕೊಂಡು ಹದಿನಾಲ್ಕು ವರ್ಷ. ಮನೆ ಖಾಲಿ ಮಾಡುವಾಗ ಅವರ ಪೆಟ್ಟಿಗೆಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ಗುಡ್ಡದ ಪಟ್ಟಿಯಲ್ಲಿ ಇನ್ನೊಂದು ಪ್ಲೇಟಿನ ಮುಂದೆ 'ತಿರಸ್ಕೃತ' ಎಂದಷ್ಟೇ ಇದೆ. ಎಸೆದಿರಬೇಕು ಎನ್ನುತ್ತಾರೆ, ಆದರೂ ನಿಮ್ಮನ್ನು ಒಮ್ಮೆ ಕೇಳು ಎಂದರು.

"ಯಾವ ಪ್ಲೇಟು ಮಗಳೇ?" ಎಂದು ಕೇಳಿದ ಫೆಲಾ, ಉತ್ತರಕ್ಕೆ ಕಾಯದೆ, "ಕೂದಲಿನ ಪ್ಲೇಟಾ?" ಎಂದಳು.

ಮಿಯಾರಾಯ್‌ಗೆ ಅರ್ಥವಾಗಲಿಲ್ಲ. ಫೆಲಾ ಏಪ್ರನ್ ಬಿಚ್ಚಿ, ಗಿಣ್ಣಿನ ಬಟ್ಟೆಯನ್ನು ಗಂಡನ ಕೈಗೆ ಕೊಟ್ಟು ವ್ಯಾನು ಹತ್ತಿದಳು. ಕೆಟ್ಟ ಪ್ಲೇಟುಗಳನ್ನು ಎಸೆಯುವ ನಿಯಮವೇನೋ ಇತ್ತು, ಆದರೆ ತಾನು ಒಂದನ್ನೂ ಎಸೆದಿಲ್ಲ ಎಂದು ದಾರಿಯಲ್ಲಿ ಹೇಳಿದಳು. ಬೆರಳಚ್ಚು ಬಿದ್ದದ್ದು, ಬಿರುಕು ಬಿಟ್ಟದ್ದು, ತಾನೇ ಒಮ್ಮೆ ಬೇಯಿಸಿ ಕೆಡಿಸಿದ್ದು, ಎಲ್ಲವನ್ನೂ ಕತ್ತಲೆಕೋಣೆಯ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಜೋಡಿಸಿಟ್ಟಿದ್ದಳಂತೆ. ಅಷ್ಟು ಹೊತ್ತು ನಿದ್ದೆಗೆಟ್ಟು ಹಿಡಿದ ಬೆಳಕನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ ಎಂದಳು.

ಮೇಲೆ ಹೋಗಿ ನೋಡಿದರೆ ಕತ್ತಲೆಕೋಣೆ ಈಗ ನೆಲ ಒರೆಸುವ ಕೋಲು, ಬಕೆಟ್ಟುಗಳ ಕೋಣೆ. ಬೀರು ಇರಲಿಲ್ಲ. ಹಳೆಯ ಕಬ್ಬಿಣವೆಂದು ಮಾರಿರಬಹುದು ಎಂದ ಕಾವಲುಗಾರ. ಮಿಯಾರಾಯ್ ಮುಖ ಬಾಡಿತು. ಫೆಲಾ ಮಾತ್ರ ಕಟ್ಟಡದಿಂದ ಕಟ್ಟಡಕ್ಕೆ, ಬಾಗಿಲಿಂದ ಬಾಗಿಲಿಗೆ ಹೋಗಿ ವಿಚಾರಿಸುತ್ತ, ಹಳೆಯ ಪರಿಚಯದವರ ಜೊತೆ ಮೊಮ್ಮಕ್ಕಳ ಸುದ್ದಿ ಮಾತಾಡುತ್ತ, ಕೊನೆಗೆ ಮೂರು ಗಂಟೆಗೆ ಯಂತ್ರಗಳ ಕೊಠಡಿಯ ಮೆಟ್ಟಿಲ ಕೆಳಗೆ ಅದನ್ನು ಕಂಡುಹಿಡಿದಳು. ಮೇಲಿನ ಅರೆಗಳಲ್ಲಿ ತಿರುಪು, ಬೋಲ್ಟುಗಳು ತುಂಬಿದ್ದವು. ಬಗ್ಗುವುದು ಕಷ್ಟವೆಂದು ಕೆಳಗಿನ ಅರೆಗೆ ಯಾರೂ ಕೈ ಹಾಕಿರಲಿಲ್ಲ.

ನೂರ ಮೂವತ್ತು ಲಕೋಟೆಗಳಿದ್ದವು. ಫೆಲಾ ನೆಲದ ಮೇಲೆ ಕೂತು ಒಂದೊಂದನ್ನೇ ಸರಿಸಿ, ಎಪ್ಪತ್ತೊಂಬತ್ತರ ಜುಲೈಯದನ್ನು ಎಳೆದು ಕೊಟ್ಟಳು. ಅಂಚಿನಲ್ಲಿ ಸ್ವಲ್ಪ ಕಂದು ಹಿಡಿದಿತ್ತು, ಪಟ್ಟಿ ಚೆನ್ನಾಗಿತ್ತು. ಮಿಯಾರಾಯ್ ಅದನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇದೆ," ಎಂದಳು. "ಫೆಲಾ ಸೆನ್ಯೋರಾ, ಇದೆ."

ಅದರಲ್ಲಿ ಅಂಥದ್ದೇನಿದೆ ಎಂದು ಫೆಲಾ ಕೇಳಿದ್ದು ಆಮೇಲೆ, ಊಟದ ಮನೆಯಲ್ಲಿ ಚಹಾ ಮುಂದಿಟ್ಟುಕೊಂಡು. ಮಿಯಾರಾಯ್ ಬೆಳಿಗ್ಗೆಯಂತೆ ಅವಸರ ಮಾಡದೆ ಹೇಳಿದಳು. ಸತ್ತ ನಕ್ಷತ್ರ ಚಿಕ್ಕದಾದರೂ ಭಾರಿ ತೂಕದ್ದು, ಅದರ ಸೆಳೆತ ಭಯಂಕರ. ಅದರ ಮೈಮೇಲೆ ಏನೇ ಭಾರದ ವಸ್ತು ಇದ್ದರೂ ನೀರಿಗೆ ಹಾಕಿದ ಕಲ್ಲಿನಂತೆ ಒಳಗೆ ಇಳಿದುಹೋಗುತ್ತದೆ. ಈ ಬಗೆಯ ನಕ್ಷತ್ರದಲ್ಲಿ ಅದಕ್ಕೆ ಕೆಲವು ವಾರ ಸಾಕು, ಬಹಳವೆಂದರೆ ಕೆಲವು ವರ್ಷ. ಮೇಲೆ ಉಳಿಯುವುದು ಶುದ್ಧ ಜಲಜನಕ.

"ಹಾಗಿದ್ರೆ ಈ ಸುಣ್ಣ ಎಲ್ಲಿಂದ ಬಂತು?" ಎಂದಳು ಫೆಲಾ. "ಡಾಕ್ಟರು ನಡುವೆ ಮೋಡ ಇದೆ ಅಂದಿದ್ರು."

ಮೋಡವಲ್ಲ ಎಂದು ಈಗ ಗೊತ್ತಾಗಿದೆ ಎಂದಳು ಮಿಯಾರಾಯ್. ಅದೇ ನಕ್ಷತ್ರದಲ್ಲಿ ತಾನು ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್ ಎಲ್ಲವನ್ನೂ ಕಂಡಿದ್ದೇನೆ, ನಮ್ಮ ಕಾಲಡಿಯ ಕಲ್ಲಿನಲ್ಲಿ ಇರುವ ಲೆಕ್ಕದಲ್ಲೇ. ನಕ್ಷತ್ರ ಸತ್ತಾಗ ಅದರ ಸುತ್ತ ದೂರದಲ್ಲಿದ್ದ ಗ್ರಹಗಳೂ ಕಲ್ಲುಬಂಡೆಗಳೂ ಉಳಿದುಕೊಂಡಿರುತ್ತವೆ. ಅವು ಒಂದನ್ನೊಂದು ಎಳೆದಾಡಿ, ಯಾವುದೋ ಒಂದು ದಾರಿ ತಪ್ಪಿ ನಕ್ಷತ್ರದ ತೀರ ಹತ್ತಿರ ಬಂದರೆ ಸೆಳೆತಕ್ಕೆ ಸಿಕ್ಕಿ ಚೂರುಚೂರಾಗುತ್ತದೆ. ಆ ಪುಡಿ ಉಂಗುರವಾಗಿ ಸುತ್ತುತ್ತ ಮೆಲ್ಲಗೆ ಒಳಗೆ ಬೀಳುತ್ತದೆ. ಒಂದೇ ಸಲ ಬಿದ್ದದ್ದಾದರೆ ಎಪ್ಪತ್ತೊಂಬತ್ತರಲ್ಲಿ ಕಂಡದ್ದು ಈಗ ಕಾಣಬಾರದು. ಮೂವತ್ತಮೂರು ವರ್ಷದ ಮೇಲೂ ಗೆರೆ ಅಷ್ಟೇ ಇದ್ದರೆ ಕಲ್ಲು ಇನ್ನೂ ಬೀಳುತ್ತಲೇ ಇದೆ ಎಂದಾಯಿತು. ಅದನ್ನು ತೋರಿಸಲು ಅಷ್ಟು ಹಳೆಯ ಪ್ಲೇಟು ಜಗತ್ತಿನಲ್ಲಿ ಬೇರೆ ಎಲ್ಲೂ ತನಗೆ ಸಿಕ್ಕಿರಲಿಲ್ಲ.

ಫೆಲಾ ಚಹಾದ ಕಪ್ಪು ಕೆಳಗಿಟ್ಟಳು. "ಅಂದ್ರೆ ಸತ್ತ ಮೇಲೂ ತನ್ನ ಮಕ್ಕಳನ್ನೇ ತಿನ್ನುತ್ತಾ ಕೂತಿದೆ ಅನ್ನು," ಎಂದಳು. "ಪಾಪಿ." ಮತ್ತೆ ತಾನೇ, "ಹೋಗಲಿ, ನನ್ನ ಕೂದಲಂತೂ ಅಲ್ಲ," ಎಂದಳು. ಮಿಯಾರಾಯ್‌ಗೆ ಈಗಲೂ ಅರ್ಥವಾಗದಿದ್ದಾಗ ಹಳದಿ ಟೋಪಿಯ ಕತೆಯನ್ನು ಮೊದಲಿನಿಂದ ಹೇಳಿದಳು. ಪಕ್ಕದ ಮೇಜಿನವರೂ ಊಟ ಬಿಟ್ಟು ಕೇಳಿದರು.

ಕತೆ ಮುಗಿದ ಮೇಲೆ ಮಿಯಾರಾಯ್ ಲಕೋಟೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟಳು. ಹಳೆಯ ಬರಹವನ್ನು ಅಳಿಸುವುದು ಬೇಡ, ಅದರ ಕೆಳಗೆ ತಿದ್ದುಪಡಿ ಬರೆಯಿರಿ, ಬರೆಯಬೇಕಾದವರು ನೀವೇ ಎಂದಳು. ಫೆಲಾ ಕೈಯನ್ನು ಚೆನ್ನಾಗಿ ಒರೆಸಿಕೊಂಡು, 'ಕೂದಲಲ್ಲ. ಕ್ಯಾಲ್ಸಿಯಂ.' ಎಂದು ದಪ್ಪಕ್ಷರದಲ್ಲಿ ಬರೆದಳು. ತಾರೀಕು ಹಾಕಿದಳು, ಪೂರ್ತಿ ಹೆಸರು ಹಾಕಿದಳು. ಬಾಸ್ಕುನ್ಯಾನ್ ಬದುಕಿದ್ದಿದ್ದರೆ ಅವರೇ ಬರೆಯುತ್ತಿದ್ದರು, ಒಳ್ಳೆಯ ಮನುಷ್ಯ, ಮರೆತರು ಅಷ್ಟೇ ಎಂದು ಹೇಳಿದಳು.

ಪ್ಲೇಟನ್ನು ಅಳೆದು ನೋಡಿದಾಗ ಗೆರೆಯ ಆಳ, ಪ್ಲೇಟು ಹೇಳಬಹುದಾದಷ್ಟು ಖಚಿತವಾಗಿ, ಈಗಿನಷ್ಟೇ ಇತ್ತು. ಮರುವರ್ಷ ಮಿಯಾರಾಯ್‌ಳ ಲೇಖನ ಬಂತು. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಒರ್ಫೆಲಿನಾ ಪಾಸ್ತೆನ್ ಎಂಬ ಹೆಸರಿತ್ತು. ಮಿಯಾರಾಯ್ ಅದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ತಂದುಕೊಟ್ಟಾಗ ಎಲ್ಯೂತೆರಿಯೊ ಕನ್ನಡಕ ಹುಡುಕಿಕೊಂಡು ಬಂದು, ಒಂದು ಅಕ್ಷರವೂ ಅರ್ಥವಾಗದ ಇಂಗ್ಲಿಷಿನಲ್ಲಿ ಹೆಂಡತಿಯ ಹೆಸರೊಂದನ್ನು ಮಾತ್ರ ಬೆರಳಿಟ್ಟು ಓದಿದ. ಅವತ್ತು ಅವನಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಹಾಳೆಯನ್ನು ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದ, ಬಂದವರಿಗೆಲ್ಲ ತೋರಿಸಿದ.

ಆ ಲೇಖನದ ನಂತರ ಬೇರೆ ವಿಜ್ಞಾನಿಗಳೂ ಹಳೆಯ ಪ್ಲೇಟುಗಳನ್ನು ಕೇಳತೊಡಗಿದರು. ಉಗ್ರಾಣದಲ್ಲಿ ಏನು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಗುಡ್ಡದವರು ಫೆಲಾಳನ್ನು ವಾರಕ್ಕೆ ಎರಡು ದಿನ ಬರಲು ಕರೆದರು. ಮಂಗಳವಾರ, ಗುರುವಾರ ವ್ಯಾನು ಬರುತ್ತದೆ. ಕಿಟಕಿಯ ಪಕ್ಕ ಅವಳಿಗೊಂದು ಮೆತ್ತೆಯ ಕುರ್ಚಿ ಹಾಕಿಕೊಟ್ಟಿದ್ದಾರೆ. ಒಂದೊಂದು ಪ್ಲೇಟನ್ನೂ ಬೆಳಕಿಗೆ ಹಿಡಿದು, ಧೂಳು ಒರೆಸಿ, ಲಕೋಟೆ ಬದಲಿಸಿ, ಅಂಕಿ ಬರೆದು, ಕಂಪ್ಯೂಟರಿಗೆ ಸೇರಿಸುವ ಹುಡುಗಿಯರ ಕಡೆಗೆ ಸರಿಸುತ್ತಾಳೆ. ಆ ಎರಡು ದಿನ ಎಲ್ಯೂತೆರಿಯೊ ತಾನೇ ಹುರುಳಿಕಾಯಿ ಬೇಯಿಸಿಕೊಂಡು ತಿನ್ನುತ್ತಾನೆ, ಉಪ್ಪು ಹೆಚ್ಚಾಯಿತೆಂದು ಸಂಜೆ ಅವಳ ಹತ್ತಿರವೇ ದೂರುತ್ತಾನೆ.

ಹೋದ ಗುರುವಾರ ಹೊಸ ನಿರ್ದೇಶಕರು ಉಗ್ರಾಣಕ್ಕೆ ಬಂದು, ಇನ್ನೆಷ್ಟು ಉಳಿದಿವೆ, ಯಾವಾಗ ಮುಗಿಯಬಹುದು ಎಂದು ಕೇಳಿದರಂತೆ. ನಾಲ್ಕು ಸಾವಿರ ಇರಬಹುದು ಎಂದಳು ಫೆಲಾ. ಮುಗಿಯುವುದು ಯಾವಾಗ ಎಂದು ಅವರು ಮತ್ತೆ ಕೇಳಿದರು.

"ಅವಸರ ಏನಿದೆ ಸ್ವಾಮಿ," ಎಂದಳು. "ಚಹಾ ಕುಡೀತೀರಾ?"

ನಿರ್ದೇಶಕರು ಕುರ್ಚಿ ಎಳೆದುಕೊಂಡು ಕೂತರು.